ಮಚ್ಚೆಯ ಸುತ್ತ ಕೂದಲು ಉದುರಿದರೆ ತಪ್ಪು ಮಚ್ಚೆಯದ್ದಾ?

ನಮ್ಮ ತಲೆಯ ಹಿಂಭಾಗವನ್ನು ನಮಗಿಂತ ಚೆನ್ನಾಗಿ ಬಲ್ಲವರು ಕಟಿಂಗ್ ಶಾಪಿನವರು. ಹಾಗಾಗಿ ಈ ಕಥೆ ಹೆಚ್ಚಾಗಿ ಅಲ್ಲೇ ಶುರುವಾಗುತ್ತದೆ. "ಸಾರ್, ಇಲ್ಲೊಂದು ಮಚ್ಚೆ ಇದೆ, ಗೊತ್ತಿತ್ತಾ? ಅದರ ಸುತ್ತ ಕೂದಲೇ ಇಲ್ಲ." ಹಿಂದೆ ಇನ್ನೊಂದು ಕನ್ನಡಿ ಹಿಡಿದು ತೋರಿಸುತ್ತಾರೆ. ಹೌದು, ಹತ್ತು ರೂಪಾಯಿ ನಾಣ್ಯದಷ್ಟು ಜಾಗ ನುಣ್ಣಗಾಗಿದೆ. ಗಾಯವಿಲ್ಲ, ಹೊಟ್ಟಿಲ್ಲ, ನೋವಿಲ್ಲ. ನಟ್ಟನಡುವೆ ಒಂದು ಕಪ್ಪು ಮಚ್ಚೆ. ಯಾರೋ ಮಚ್ಚೆಯ ಮೇಲೆ ಕೈವಾರದ ಮುಳ್ಳು ಊರಿ ವೃತ್ತ ಎಳೆದ ಹಾಗೆ.

ಮನೆ ಮುಟ್ಟುವಷ್ಟರಲ್ಲಿ ಎರಡು ಭಯ ಹತ್ತಿರುತ್ತವೆ. ಮಚ್ಚೆ ಕ್ಯಾನ್ಸರ್ ಆಗಿದೆಯಾ? ಹೀಗೇ ಇಡೀ ತಲೆ ಬೋಳಾಗುತ್ತಾ? ಮನೆಯಲ್ಲಿ ಮೂರನೆಯ ಮಾತು ಕಾದಿರುತ್ತದೆ: "ಹುಳ ತಿಂದಿದೆ, ಈರುಳ್ಳಿ ಜಜ್ಜಿ ಹಚ್ಚು." ಫೋನಿನಲ್ಲಿ ಹುಡುಕಿದರೆ ನಾಲ್ಕನೆಯದು: "ಮಚ್ಚೆ ತೆಗೆಸಿಬಿಡಿ."

ಇದಕ್ಕೆ ವೈದ್ಯರು ಕೊಟ್ಟಿರುವ ಹೆಸರು ಪೆರಿನೀವಾಯ್ಡ್ ಅಲೋಪೇಶಿಯಾ. 'ಪೆರಿ' ಎಂದರೆ ಸುತ್ತ, 'ನೀವಸ್' ಎಂದರೆ ಮಚ್ಚೆ. ಅಲೋಪೇಶಿಯಾ ಅನ್ನುವುದು ಗ್ರೀಕ್ ಭಾಷೆಯ ನರಿಯಿಂದ ಬಂದ ಪದ. ಕಜ್ಜಿ ಹತ್ತಿದ ನರಿಯ ಮೈಯಲ್ಲಿ ಅಲ್ಲಲ್ಲಿ ಕೂದಲು ಉದುರುತ್ತದಲ್ಲ, ಅದನ್ನು ನೋಡಿ ಇಟ್ಟ ಹೆಸರು. ಹೆಸರು ವಿದೇಶಿಯಾದರೂ ಈ ಕಾಯಿಲೆಯನ್ನು ಬೇರೆಯಾಗಿ ಗುರುತಿಸಿ ಬರೆದ ಕೆಲಸ ನಮ್ಮ ಪಕ್ಕದ ಊರಿನದು. 1976ರಲ್ಲಿ ಮದ್ರಾಸಿನ ಚರ್ಮವೈದ್ಯರಾದ ಪ್ಯಾಟ್ರಿಕ್ ಯೇಸುದಿಯನ್ ಮತ್ತು ಎ. ಎಸ್. ತಂಬಯ್ಯ ಅಮೆರಿಕದ 'ಆರ್ಕೈವ್ಸ್ ಆಫ್ ಡರ್ಮಟಾಲಜಿ' ಪತ್ರಿಕೆಯಲ್ಲಿ ಇದನ್ನು 'ಅಲೋಪೇಶಿಯಾ ಏರಿಯಾಟಾ'ದ ಒಂದು ವಿಚಿತ್ರ ಬಗೆ ಎಂದು ವಿವರಿಸಿದರು. ಅಲ್ಲಿಂದ ಇಲ್ಲಿಯವರೆಗೆ ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿರುವ ಇಂಥ ಪ್ರಕರಣಗಳು ಬೆರಳೆಣಿಕೆಯಷ್ಟೇ.

ಹಾಗಾಗಿ ಮೊದಲು ದೊಡ್ಡಣ್ಣನನ್ನು ನೋಡಬೇಕು, ಅಂದರೆ ಅಲೋಪೇಶಿಯಾ ಏರಿಯಾಟಾವನ್ನು. ಇದು ಅಪರೂಪವೇನಲ್ಲ. ನೂರು ಜನರಲ್ಲಿ ಸುಮಾರು ಇಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಬರುತ್ತದೆ ಎಂಬುದು ವೈದ್ಯರು ಬಹಳ ಕಾಲದಿಂದ ಬಳಸುತ್ತಿರುವ ಅಂದಾಜು. ತಲೆಯಲ್ಲೋ ಗಡ್ಡದಲ್ಲೋ ಹುಬ್ಬಿನಲ್ಲೋ ಬಿಲ್ಲೆಯಂತೆ ಕೂದಲು ಉದುರುತ್ತದೆ. ತೆಲುಗಿನವರು 'ಪೇನುಕೊರುಕುಡು' ಅನ್ನುತ್ತಾರೆ, ಹೇನು ಕಚ್ಚಿದ್ದು ಎಂದರ್ಥ. ನಾವು ಹುಳ ತಿಂದಿದೆ ಅನ್ನುತ್ತೇವೆ. ಆಯುರ್ವೇದದಲ್ಲಿ ಇಂದ್ರಲುಪ್ತ. ಹೇನು, ಹುಳ ಎಲ್ಲಕ್ಕೂ ಆರೋಪ ಬಂದಿದೆ. ಪಾಪ, ಅವುಗಳಿಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ. ಕೂದಲು ತಿನ್ನುತ್ತಿರುವುದು ನಮ್ಮದೇ ರಕ್ತದ ಬಿಳಿ ಕಣಗಳು.

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿವೆ. ಅವುಗಳಲ್ಲಿ ಹತ್ತಕ್ಕೆ ಎಂಟೊಂಬತ್ತು ಯಾವಾಗಲೂ ಬೆಳೆಯುವ ಹಂತದಲ್ಲಿರುತ್ತವೆ. ಈ ಬೆಳೆಯುವ ಕೂದಲಿನ ಬುಡದಲ್ಲಿ, ಚರ್ಮದೊಳಗೆ, ಈರುಳ್ಳಿ ಗಡ್ಡೆಯ ಹಾಗೆ ಉಬ್ಬಿದ ಒಂದು ಭಾಗವಿದೆ. ಕೂದಲು ತಯಾರಾಗುವುದು ಅಲ್ಲಿ, ಅದಕ್ಕೆ ಬಣ್ಣ ಸೇರುವುದೂ ಅಲ್ಲಿ. ಆರೋಗ್ಯವಾಗಿರುವಾಗ ಈ ಗಡ್ಡೆಗೆ ಒಂದು ವಿಶೇಷ ರಿಯಾಯಿತಿ ಇರುತ್ತದೆ. ದೇಹದ ಕಾವಲುಗಾರರು ಬೇರೆ ಎಲ್ಲ ಜೀವಕೋಶಗಳ ಗುರುತಿನ ಚೀಟಿ ಕೇಳುತ್ತಾ ತಿರುಗುತ್ತಾರೆ. ಕೂದಲ ಗಡ್ಡೆ ಮಾತ್ರ ತನ್ನ ಚೀಟಿಯನ್ನು ಒಳಗೇ ಇಟ್ಟುಕೊಂಡಿರುತ್ತದೆ, ಯಾರೂ ಕೇಳುವುದೂ ಇಲ್ಲ. ಕಣ್ಣಿನ ಒಳಭಾಗಕ್ಕೂ ಇಂಥದ್ದೇ ರಿಯಾಯಿತಿ ಇದೆ. ಯಾವುದೋ ಕಾರಣಕ್ಕೆ ಈ ರಿಯಾಯಿತಿ ಮುರಿದುಬಿದ್ದರೆ ಟಿ ಕಣಗಳೆಂಬ ಬಿಳಿ ಕಣಗಳು ಗಡ್ಡೆಯನ್ನು ಮುತ್ತುತ್ತವೆ. ಸೂಕ್ಷ್ಮದರ್ಶಕದಲ್ಲಿ ಕಾಣುವ ಈ ನೋಟಕ್ಕೆ ಪ್ಯಾಥಾಲಜಿಯವರು 'ಜೇನುಹುಳುಗಳ ಹಿಂಡು' ಎಂದು ಹೆಸರಿಟ್ಟಿದ್ದಾರೆ. ಹುಳ ಅನ್ನುವ ಮಾತು ಕೊನೆಗೂ ಬಂತು ನೋಡಿ, ಬೇರೆ ದಾರಿಯಲ್ಲಿ.

ಈ ಕಾಳಗದಲ್ಲಿ ಕೂದಲ ಬುಡ ಸಾಯುವುದಿಲ್ಲ. ಬೆದರಿ ಅಡಗಿಕೊಳ್ಳುತ್ತದೆ, ಅಷ್ಟೆ. ಅದಕ್ಕೇ ಚರ್ಮ ನುಣ್ಣಗಿದ್ದರೂ ಗಾಯದ ಕಲೆ ಇರುವುದಿಲ್ಲ. ವರ್ಷಗಳ ಮೇಲೂ ಕೂದಲು ಮತ್ತೆ ಬರಬಹುದು.

ಈಗ ಮಚ್ಚೆಗೆ ಬರೋಣ. ಮಚ್ಚೆ ಎಂದರೆ ಬಣ್ಣ ತಯಾರಿಸುವ ಕೋಶಗಳು, ಅಂದರೆ ಮೆಲನೋಸೈಟ್‌ಗಳ ವಂಶದವು, ಒಂದೆಡೆ ಗುಂಪುಗೂಡಿರುವುದು. ಕೂದಲ ಗಡ್ಡೆಯಲ್ಲೂ ಬಣ್ಣ ಹಾಕುವವು ಅವೇ. ಎರಡೂ ಕಡೆ ಬಣ್ಣ ತಯಾರಿಸುವ ಸಾಮಾನು ಒಂದೇ. ಟೈರೊಸಿನೇಸ್‌ನಂಥ ಪ್ರೋಟೀನುಗಳು ಮಚ್ಚೆಯಲ್ಲೂ ಇವೆ, ಕೂದಲ ಬುಡದಲ್ಲೂ ಇವೆ. ರೋಗನಿರೋಧಕ ಕಣಗಳು ಮಚ್ಚೆಯಲ್ಲಿ ಈ ಪ್ರೋಟೀನಿನ ತುಣುಕನ್ನು ಕಂಡು 'ಇದು ಶತ್ರು' ಎಂದು ತಪ್ಪು ತಿಳಿದುಕೊಂಡವು ಎನ್ನಿ. ಮುಂದೆ ಅದೇ ಗುರುತಿನವರನ್ನು ಹುಡುಕುತ್ತಾ ಹೊರಡುತ್ತವೆ. ಪಕ್ಕದ ಮನೆಯಲ್ಲೇ ಸಿಕ್ಕಿಬಿಡುತ್ತಾರೆ, ಕೂದಲ ಬುಡದಲ್ಲಿ. ಕೂದಲು ಉದುರುವ ಜಾಗ ಮಚ್ಚೆಯ ಸುತ್ತ ಉಂಗುರದಂತಿರುವುದಕ್ಕೆ ವೈದ್ಯರು ಕೊಡುವ ವಿವರಣೆ ಹೆಚ್ಚುಕಡಿಮೆ ಇದೇ.

ಬರೀ ಊಹೆಯಾ ಇದು? ಪೂರ್ತಿ ಅಲ್ಲ. ಮಚ್ಚೆಯ ಸುತ್ತ ಉಂಗುರ ಮೂಡುವುದು ಚರ್ಮವೈದ್ಯರಿಗೆ ಹೊಸ ಸಂಗತಿಯಲ್ಲ. 1916ರಲ್ಲಿ ಅಮೆರಿಕದ ರಿಚರ್ಡ್ ಸಟನ್ ಮಚ್ಚೆಯ ಸುತ್ತ ಬಿಳಿ ಉಂಗುರ ಬರುವುದನ್ನು ವಿವರಿಸಿದ್ದರು. ಇವತ್ತು ಅದನ್ನು ಹ್ಯಾಲೊ ನೀವಸ್ ಅನ್ನುತ್ತಾರೆ. ಹದಿಹರೆಯದವರ ಬೆನ್ನಿನಲ್ಲಿ ಜಾಸ್ತಿ ಕಾಣುತ್ತದೆ. ಮೊದಲು ಮಚ್ಚೆಯ ಸುತ್ತ ಚರ್ಮ ಬೆಳ್ಳಗಾಗುತ್ತದೆ. ಆಮೇಲೆ ಎಷ್ಟೋ ಸಲ ಮಚ್ಚೆಯೇ ಮಾಸಿ ಮಾಯವಾಗುತ್ತದೆ. ವರ್ಷಗಳ ಮೇಲೆ ಚರ್ಮಕ್ಕೆ ಬಣ್ಣ ವಾಪಸ್ ಬರಬಹುದು. ಅಲ್ಲೂ ದಾಳಿ ಮಾಡುವುದು ಟಿ ಕಣಗಳೇ. 1971ರಲ್ಲಿ ಮೇಯರ್ಸನ್ ಎಂಬ ವೈದ್ಯರು ಮಚ್ಚೆಯ ಸುತ್ತ ತುರಿಸುವ ಇಸುಬಿನ ಉಂಗುರ ಬರುವುದನ್ನು ಬರೆದರು. ಐದು ವರ್ಷದ ಮೇಲೆ ಮದ್ರಾಸಿನವರ ಕೂದಲಿನ ಉಂಗುರ. ಒಂದರಲ್ಲಿ ಬಣ್ಣ ಹೋಗುತ್ತದೆ, ಒಂದರಲ್ಲಿ ತುರಿಕೆ ಬರುತ್ತದೆ, ಇನ್ನೊಂದರಲ್ಲಿ ಕೂದಲು ಹೋಗುತ್ತದೆ. ಮೂರೂ ಒಂದೇ ರೋಗ ಅನ್ನುವಂತಿಲ್ಲ. ಆದರೂ ಮಚ್ಚೆ ಅನ್ನುವುದು ರೋಗನಿರೋಧಕ ವ್ಯವಸ್ಥೆಯ ಕಣ್ಣು ಬೀಳುವ ಜಾಗ ಎಂದು ಮೂರೂ ಹೇಳುತ್ತವೆ.

ಇನ್ನೊಂದು ಸುಳಿವು ಪ್ರಯೋಗಾಲಯದ್ದು. ಇಸ್ರೇಲಿನ ಹೈಫಾದಲ್ಲಿ ಅಮೋಸ್ ಗಿಲ್ಹಾರ್ ತಂಡ ಅಲೋಪೇಶಿಯಾ ಏರಿಯಾಟಾ ಇದ್ದವರ ತಲೆಚರ್ಮದ ಸಣ್ಣ ತುಂಡುಗಳನ್ನು ರೋಗನಿರೋಧಕ ಶಕ್ತಿಯೇ ಇಲ್ಲದ ಇಲಿಗಳ ಮೇಲೆ ಕಸಿ ಮಾಡಿತು. ದಾಳಿಕೋರರಿಲ್ಲದ ಕಾರಣ ಅಲ್ಲಿ ಕೂದಲು ಬೆಳೆಯಿತು. ಬಳಿಕ ಅದೇ ರೋಗಿಯ ಟಿ ಕಣಗಳಿಗೆ ಕೂದಲ ಬುಡದ ಸಾರ ತೋರಿಸಿ ತರಬೇತಿ ಕೊಟ್ಟು ಚುಚ್ಚಿದಾಗ ಕೂದಲು ಉದುರಿತು. ಅದು 1998. ಮೂರು ವರ್ಷದ ಮೇಲೆ, ಕೂದಲ ಬುಡದ ಸಾರದ ಬದಲು ಮೆಲನೋಸೈಟ್‌ನ ಪ್ರೋಟೀನು ತುಣುಕುಗಳನ್ನಷ್ಟೇ ತೋರಿಸಿದರೂ ಟಿ ಕಣಗಳು ಕೂದಲು ಉದುರಿಸಬಲ್ಲವು ಎಂದು ಅದೇ ತಂಡ ತೋರಿಸಿತು. ಬಣ್ಣದ ಕೋಶದ ಗುರುತೊಂದೇ ಸಾಕಾಯಿತು. ಮಚ್ಚೆಯ ವಾದಕ್ಕೆ ನನ್ನ ಮಟ್ಟಿಗೆ ಇದೇ ಗಟ್ಟಿ ಆಧಾರ.

ಕ್ಯಾನ್ಸರ್ ವಾರ್ಡಿನಿಂದಲೂ ಒಂದು ಸಾಕ್ಷಿ ಇದೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಹುಟ್ಟುವುದು ಇದೇ ಬಣ್ಣದ ಕೋಶಗಳಲ್ಲಿ. ಅದಕ್ಕೆ ಈಗ ಕೊಡುವ ಇಮ್ಯುನೋಥೆರಪಿ ಔಷಧಿಗಳು ಟಿ ಕಣಗಳ ಲಗಾಮು ಬಿಚ್ಚಿಬಿಡುತ್ತವೆ. ಆಗ ಕೆಲವು ರೋಗಿಗಳಿಗೆ ತೊನ್ನು ಕಾಣಿಸಿಕೊಳ್ಳುತ್ತದೆ, ಕೆಲವರಿಗೆ ಬಿಲ್ಲೆ ಬಿಲ್ಲೆಯಾಗಿ ಕೂದಲೂ ಉದುರುತ್ತದೆ. ತೊನ್ನು ಬಂದರೆ ಡಾಕ್ಟರು ಒಳಗೊಳಗೇ ಖುಷಿಪಡುತ್ತಾರೆ, ಏಕೆಂದರೆ ಅಂಥವರಲ್ಲಿ ಔಷಧಿ ಚೆನ್ನಾಗಿ ಕೆಲಸ ಮಾಡುವುದು ಜಾಸ್ತಿ. ಕ್ಯಾನ್ಸರ್ ಕೋಶಕ್ಕೆ ಗುರಿಯಿಟ್ಟ ಏಟು ಪಕ್ಕದ ಒಳ್ಳೆಯ ಕೋಶಕ್ಕೂ ಬೀಳುತ್ತಿದೆ ಎಂದರ್ಥ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ತಕರಾರು ಉಳಿಯುತ್ತದೆ. ಇದು ಸುಮ್ನೆ ಕಾಕತಾಳೀಯ ಯಾಕಾಗಿರಬಾರದು? ಲೆಕ್ಕ ಹಾಕಿ ನೋಡಿ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ನೂರಕ್ಕೆ ಇಬ್ಬರು ಎಂದರೆ, ಅಷ್ಟು ಜನರಲ್ಲಿ ಹನ್ನೆರಡು ಲಕ್ಷ ಮಂದಿ ಬದುಕಿನಲ್ಲಿ ಒಮ್ಮೆ ಈ ಬಿಲ್ಲೆ ಕಾಣುವವರು. ಒಬ್ಬೊಬ್ಬರಿಗೆ ಒಂದಕ್ಕಿಂತ ಹೆಚ್ಚು ಬಿಲ್ಲೆಗಳಿರಬಹುದು. ಮೈಮೇಲೆ ಹತ್ತಿಪ್ಪತ್ತು ಮಚ್ಚೆ ಇರುವುದು ಮಾಮೂಲು, ಒಂದೋ ಎರಡೋ ತಲೆಯಲ್ಲೂ ಇರಬಹುದು. ಹಾಗಿದ್ದರೆ ಯಾವುದೋ ಬಿಲ್ಲೆಯೊಳಗೆ ಯಾವುದೋ ಮಚ್ಚೆ ಸಿಕ್ಕಿಕೊಳ್ಳುವುದು ಆಶ್ಚರ್ಯವೇನಲ್ಲ. ಕೂದಲು ಇದ್ದಾಗ ಮರೆಯಲ್ಲಿದ್ದ ಮಚ್ಚೆ, ಕೂದಲು ಹೋದಾಗ ಬಯಲಾಗುತ್ತದೆ. ನೋಡಿದವರು 'ಮಚ್ಚೆಯಿಂದಲೇ ಹೀಗಾಯ್ತು' ಅನ್ನುತ್ತಾರೆ.

ಈ ತಕರಾರಿನಲ್ಲಿ ಹುರುಳಿದೆ. ಅದಕ್ಕೇ ಮಚ್ಚೆ ಎಲ್ಲಿದೆ ಅನ್ನುವುದು ಮುಖ್ಯ. ಬಿಲ್ಲೆಯ ಒಂದು ಅಂಚಿನಲ್ಲಿ ಇದ್ದರೆ ಕಾಕತಾಳೀಯ ಅನ್ನಬಹುದು. ನಟ್ಟನಡುವೆ ಇದ್ದು, ಸುತ್ತ ಎಲ್ಲ ಕಡೆ ಒಂದೇ ಅಳತೆಗೆ ಕೂದಲು ಹೋಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಎರಡು ಮಚ್ಚೆಯ ಸುತ್ತ ಎರಡು ಬಿಲ್ಲೆ ಇದ್ದರಂತೂ ಕಾಕತಾಳೀಯ ಅನ್ನುವುದು ಕಷ್ಟ. ಬಣ್ಣದ ವಾದಕ್ಕೂ ತೊಡಕುಗಳಿವೆ. ಅಲೋಪೇಶಿಯಾ ಏರಿಯಾಟಾದಲ್ಲಿ ಕಪ್ಪು ಕೂದಲು ಉದುರಿ ಬಿಳಿಯದು ಉಳಿಯುವುದು ನಿಜ. 'ರಾತ್ರೋರಾತ್ರಿ ತಲೆ ಬೆಳ್ಳಗಾಯಿತು' ಎಂಬ ಹಳೆಯ ಕಥೆಗಳ ಹಿಂದೆ ಇದೇ ಇರಬಹುದು ಎಂದು ವೈದ್ಯರು ಹೇಳುತ್ತಾರೆ. ಕಪ್ಪು ಎಲ್ಲ ಉದುರಿದರೆ ಉಳಿದದ್ದು ಬಿಳಿ ತಾನೇ. ಆದರೆ ಬಿಳಿ ಕೂದಲು ಪೂರ್ತಿ ಪಾರಾಗುತ್ತದೆ ಎಂದೇನಿಲ್ಲ, ಕೆಲವರಲ್ಲಿ ಅದೂ ಉದುರುತ್ತದೆ. ಬಣ್ಣದ ಕೋಶ ಒಂದು ಗುರಿ ಇರಬಹುದು, ಒಂದೇ ಗುರಿ ಅಲ್ಲ.

ಅಪರೂಪ ಅನ್ನುವ ಮಾತನ್ನೂ ಸ್ವಲ್ಪ ಹಿಂಜಿ ನೋಡಬೇಕು. ವೈದ್ಯಕೀಯ ಪತ್ರಿಕೆಗೆ ಒಂದು ಪ್ರಕರಣ ಹೋಗಬೇಕಾದರೆ ರೋಗಿ ಡಾಕ್ಟರ ಹತ್ತಿರ ಹೋಗಬೇಕು, ಡಾಕ್ಟರು ಮಚ್ಚೆಯನ್ನು ಗಮನಿಸಬೇಕು, ಫೋಟೊ ತೆಗೆಯಬೇಕು, ಬರೆಯಲು ಪುರಸೊತ್ತು ಸಿಗಬೇಕು. ನಮ್ಮಲ್ಲಿ ನಾಣ್ಯದಗಲದ ಬಿಲ್ಲೆಗೆ ಜನ ಪಕ್ಕದ ಕೂದಲನ್ನು ಬಾಚಿ ಮುಚ್ಚುತ್ತಾರೆ, ಆರು ತಿಂಗಳಲ್ಲಿ ಕೂದಲು ಬರುತ್ತದೆ, ಅಲ್ಲಿಗೆ ಮುಗಿಯಿತು. ನನ್ನ ಅನಿಸಿಕೆ ಹೇಳುವುದಾದರೆ ಇದು ಪತ್ರಿಕೆಗಳಲ್ಲಿ ಕಾಣುವಷ್ಟು ಅಪರೂಪವಲ್ಲ, ದಾಖಲಾಗುವುದು ಅಪರೂಪ.

ಹಾಗಂತ ಮಚ್ಚೆಯ ಸುತ್ತ ಕೂದಲಿಲ್ಲದ ಜಾಗವೆಲ್ಲ ಇದೇ ಅಂದುಕೊಳ್ಳಬಾರದು. ಹುಟ್ಟಿದಾಗಿನಿಂದ ಕೂದಲೇ ಬೆಳೆಯದ, ಸ್ವಲ್ಪ ಹಳದಿ ಬಣ್ಣದ, ಮುಟ್ಟಿದರೆ ತರಿತರಿಯಾಗಿರುವ ತೇಪೆ ಇದ್ದರೆ ಅದು ಎಣ್ಣೆಗ್ರಂಥಿಗಳ ಹುಟ್ಟುಮಚ್ಚೆ. ಹರೆಯ ಬಂದಾಗ ದಪ್ಪವಾಗುತ್ತದೆ, ಅದರ ದಾರಿಯೇ ಬೇರೆ. ಮಗುವಿನ ತಲೆಯಲ್ಲಿ ಹೊಟ್ಟು, ತುರಿಕೆ, ತುಂಡಾದ ಕೂದಲು ಇದ್ದರೆ ಅದು ಹುಳಕಡ್ಡಿ. ಹೆಸರಿನಲ್ಲಿ ಹುಳ ಇದ್ದರೂ ಅದು ಶಿಲೀಂಧ್ರ. ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ, ವಾರಗಟ್ಟಲೆ ಮಾತ್ರೆ ಬೇಕು. ಅಲೋಪೇಶಿಯಾ ಏರಿಯಾಟಾ ಅಂಟುವುದಿಲ್ಲ. ಬಾಚಣಿಗೆ, ದಿಂಬು ಬೇರೆ ಮಾಡುವ ಅಗತ್ಯವೇ ಇಲ್ಲ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂದರೆ, 2025ರ ಜನವರಿಯಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಹಳ್ಳಿಗಳಲ್ಲಿ ಕೆಲವೇ ದಿನಗಳಲ್ಲಿ ಬಹಳ ಜನರ ಕೂದಲು ಉದುರಿದಾಗ 'ಬೋಳು ವೈರಸ್' ಎಂಬ ಗುಲ್ಲು ಹಬ್ಬಿತ್ತು. ಮುಂದೆ ವೈದ್ಯ ಹಿಮ್ಮತರಾವ್ ಬಾವಸ್ಕರ್ ಬೆರಳು ತೋರಿಸಿದ್ದು ರೇಶನ್ ಗೋಧಿಯಲ್ಲಿದ್ದ ಅತಿಯಾದ ಸೆಲೆನಿಯಂ ಕಡೆಗೆ. ಅದಕ್ಕೂ ನಮ್ಮ ಮಚ್ಚೆಗೂ ಸಂಬಂಧವಿಲ್ಲ. ಕೂದಲು ಉದುರುವುದು ಒಂದು ಲಕ್ಷಣ, ಅದರ ಹಿಂದಿನ ಕಾರಣಗಳು ಬೇರೆ ಬೇರೆ.

ಡಾಕ್ಟರು ಇದನ್ನು ಗುರುತಿಸುವುದು ಹೇಗೆ? ಹೆಚ್ಚಿನ ಸಲ ಡರ್ಮೊಸ್ಕೋಪ್ ಎಂಬ ದೀಪವಿರುವ ಭೂತಗನ್ನಡಿಯೇ ಸಾಕು. ಬಿಲ್ಲೆಯ ಅಂಚಿನಲ್ಲಿ ಮೇಲೆ ದಪ್ಪ, ಬುಡದಲ್ಲಿ ಸಣ್ಣ ಇರುವ ಗಿಡ್ಡ ಕೂದಲುಗಳು ಕಾಣುತ್ತವೆ, ಥೇಟ್ ಆಶ್ಚರ್ಯಸೂಚಕ ಚಿಹ್ನೆಯ ಹಾಗೆ. ಹಳದಿ ಚುಕ್ಕೆ, ಕಪ್ಪು ಚುಕ್ಕೆಗಳೂ ಇರುತ್ತವೆ. ಅದೇ ಗಾಜಿನಲ್ಲಿ ಮಚ್ಚೆಯನ್ನೂ ನೋಡುತ್ತಾರೆ. ಇಲ್ಲೇ ಕ್ಯಾನ್ಸರ್ ಭಯಕ್ಕೆ ಉತ್ತರ ಸಿಗುವುದು. ಮಚ್ಚೆಯ ಎರಡು ಪಕ್ಕ ಒಂದೇ ಥರ ಇದೆಯಾ, ಅಂಚು ನೀಟಾಗಿದೆಯಾ, ಬಣ್ಣ ಒಂದೇ ಇದೆಯಾ, ಬೆಳೆಯುತ್ತಿದೆಯಾ, ರಕ್ತ ಒಸರುತ್ತಿದೆಯಾ ಎಂದು ನೋಡುತ್ತಾರೆ. ಭಾರತೀಯರಲ್ಲಿ ಮೆಲನೋಮ ಕಡಿಮೆ, ಬಂದರೂ ಅಂಗಾಲಿನಂಥ ಜಾಗದಲ್ಲಿ ಬರುವುದು ಜಾಸ್ತಿ. ಆದರೂ ನಡುವಯಸ್ಸು ದಾಟಿದವರಲ್ಲಿ ಹಳೆಯ ಮಚ್ಚೆಯ ಸುತ್ತ ಏನಾದರೂ ಹೊಸದಾಗಿ ಶುರುವಾದರೆ ಒಮ್ಮೆ ತೋರಿಸಿಬಿಡುವುದೇ ಒಳ್ಳೆಯದು. ಜೊತೆಗೆ ಥೈರಾಯ್ಡ್ ಪರೀಕ್ಷೆಗೂ ಬರೆದುಕೊಡಬಹುದು. ಸ್ವಂತ ದೇಹದ ಮೇಲೇ ದಾಳಿ ಮಾಡುವ ಕಾಯಿಲೆಗಳು ಜೋಡಿಯಾಗಿ ಬರುವುದುಂಟು.

ಇನ್ನು ಮಚ್ಚೆ ತೆಗೆಸುವ ಮಾತು. ಮಚ್ಚೆಯೇ ಕಿಡಿ ಹೊತ್ತಿಸಿದ್ದರೆ ಅದನ್ನು ಕಿತ್ತರೆ ಬೆಂಕಿ ಆರಬೇಕಲ್ವಾ? ಕೇಳಲು ಸರಿ ಅನ್ನಿಸುತ್ತದೆ. ತೊಂದರೆ ಏನೆಂದರೆ, ಸಣ್ಣ ಬಿಲ್ಲೆಯ ಅಲೋಪೇಶಿಯಾ ಏರಿಯಾಟಾ ಎಷ್ಟೋ ಸಲ ತಾನಾಗಿಯೇ ವಾಸಿಯಾಗುತ್ತದೆ. ಮೂವರಲ್ಲಿ ಒಬ್ಬರಿಂದ ಹಿಡಿದು ಅರ್ಧದಷ್ಟು ಜನರಿಗೆ ಒಂದು ವರ್ಷದೊಳಗೆ ಯಾವ ಔಷಧಿಯೂ ಇಲ್ಲದೆ ಕೂದಲು ಬರುತ್ತದೆ ಎಂಬುದು ಪಠ್ಯಪುಸ್ತಕದ ಲೆಕ್ಕ. ಹಾಗಿರುವಾಗ ಒಬ್ಬರಿಗೆ ಮಚ್ಚೆ ತೆಗೆದ ಮೇಲೆ ಕೂದಲು ಬಂದರೆ, ತೆಗೆದದ್ದರಿಂದ ಬಂತಾ, ಬರುವ ಕಾಲಕ್ಕೆ ಬಂತಾ? ಅದನ್ನು ತಿಳಿಯಲು ತೆಗೆಸಿದ ನೂರು ಜನ, ತೆಗೆಸದ ನೂರು ಜನ ಬೇಕು. ಅಷ್ಟು ರೋಗಿಗಳೇ ಇಲ್ಲ. ಮಚ್ಚೆಯಿಲ್ಲದ ಮಾಮೂಲು ಬಿಲ್ಲೆಗಳಲ್ಲಿ ಕಲಿತ ಪಾಠವನ್ನೇ ಇಲ್ಲಿಗೂ ತರಬೇಕು, ಬೇರೆ ದಾರಿಯಿಲ್ಲ. ಶಸ್ತ್ರಚಿಕಿತ್ಸೆ ಮಾಡಿದರೆ ಆ ಜಾಗದಲ್ಲಿ ಕಲೆ ಉಳಿಯುತ್ತದೆ, ಕಲೆಯ ಮೇಲೆ ಮಾತ್ರ ಕೂದಲು ಖಂಡಿತ ಬರುವುದಿಲ್ಲ. ಕೂದಲಿಗಾಗಿ ಮಚ್ಚೆ ತೆಗೆಸುವುದು ನನಗಂತೂ ದುಬಾರಿ ಜೂಜು ಅನ್ನಿಸುತ್ತದೆ. ಮಚ್ಚೆಯ ಬಗ್ಗೆಯೇ ಅನುಮಾನವಿದ್ದರೆ ಮಾತು ಬೇರೆ. ಆಗ ಪೂರ್ತಿ ತೆಗೆದು ಬಯಾಪ್ಸಿಗೆ ಕಳಿಸಬೇಕು. ಬ್ಯೂಟಿ ಪಾರ್ಲರಿನಲ್ಲಿ ಸುಡಿಸಿಕೊಂಡರೆ ಪರೀಕ್ಷಿಸಲು ಏನೂ ಉಳಿದಿರುವುದಿಲ್ಲ.

ಈರುಳ್ಳಿ ರಸದ ಕೀರ್ತಿಯೂ ಅರ್ಧ ಇಲ್ಲಿಂದಲೇ ಬಂದದ್ದು. ತಾನಾಗಿ ಬರುವ ಕೂದಲಿನ ಹೆಸರು ಕೊನೆಗೆ ಹಚ್ಚಿದ ಔಷಧಿಗೆ ಸೇರುತ್ತದೆ. ಪೂರ್ತಿ ತಳ್ಳಿಹಾಕುವಂತಿಲ್ಲ ಅನ್ನಿ, 2002ರಲ್ಲಿ ಇರಾಕಿನಲ್ಲಿ ನಡೆದ ಒಂದು ಸಣ್ಣ ಅಧ್ಯಯನದಲ್ಲಿ ನೀರು ಹಚ್ಚಿದವರಿಗಿಂತ ಈರುಳ್ಳಿ ರಸ ಹಚ್ಚಿದವರಲ್ಲಿ ಹೆಚ್ಚು ಮಂದಿಗೆ ಕೂದಲು ಬಂದಿತ್ತು. ಅಷ್ಟು ಚಿಕ್ಕ ಗುಂಪಿನಿಂದ ಜಾಸ್ತಿ ಹೇಳಲಾಗದು. ಈರುಳ್ಳಿಯಿಂದ ಹೆಚ್ಚೆಂದರೆ ಉರಿ ಮತ್ತು ವಾಸನೆ. ಗುಲಗಂಜಿ ತೇಯ್ದು ಹಚ್ಚುವುದು ಮಾತ್ರ ಬೇಡವೇ ಬೇಡ. ಆ ಬೀಜದಲ್ಲಿರುವ ಅಬ್ರಿನ್ ಘೋರ ವಿಷ. ಗೀರಿದ ಚರ್ಮದ ಮೇಲೆ, ಅದೂ ಮಕ್ಕಳ ಕೈಗೆ ಸಿಗುವ ಹಾಗೆ ಇಡುವ ವಸ್ತು ಅದಲ್ಲ.

ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಕ್ರೀಮಿನದ್ದು ಇನ್ನೊಂದು ಗೋಳು. ಅದರಲ್ಲಿ ಹೆಚ್ಚಾಗಿ ಸ್ಟಿರಾಯ್ಡ್ ಇರುತ್ತದೆ. 2018ರಲ್ಲಿ ಕೇಂದ್ರ ಸರಕಾರ 14 ಬಗೆಯ ಸ್ಟಿರಾಯ್ಡ್ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಕೌಂಟರಿನ ಮುಂದೆ ನಿಂತು ನೋಡಿದರೆ ಅದು ಎಷ್ಟು ಜಾರಿಯಾಗಿದೆ ಅನ್ನುವುದು ತಿಳಿಯುತ್ತದೆ. ತಮಾಷೆಯೆಂದರೆ ಚರ್ಮವೈದ್ಯರು ಬರೆಯುವ ಮೊದಲ ಔಷಧಿಯೂ ಸ್ಟಿರಾಯ್ಡೇ. ಆದರೆ ಅವರು ಬಿಲ್ಲೆಯ ಚರ್ಮದೊಳಗೆ ಸಣ್ಣ ಸೂಜಿಯಲ್ಲಿ ಹನಿ ಹನಿಯಾಗಿ ಟ್ರಯಾಮ್ಸಿನೊಲೋನ್ ಚುಚ್ಚುತ್ತಾರೆ, ನಾಲ್ಕರಿಂದ ಆರು ವಾರಕ್ಕೊಮ್ಮೆ. ಜೇನುಹುಳುಗಳ ಹಿಂಡು ಚದುರುತ್ತದೆ. ಪ್ರಮಾಣ ಜಾಸ್ತಿಯಾದರೆ ಚರ್ಮ ಗುಳಿ ಬೀಳುತ್ತದೆ, ಅದಕ್ಕೇ ಅಳತೆ ಮುಖ್ಯ. ಸೂಜಿಗೆ ಅಳುವ ಮಕ್ಕಳಿಗೆ ಹಚ್ಚುವ ಔಷಧಿ ಕೊಡುತ್ತಾರೆ. ಕೂದಲು ಬೆಳೆಯಲೆಂದು ಹಚ್ಚುವ ಮಿನಾಕ್ಸಿಡಿಲ್ ಜೊತೆಗಿರಬಹುದು. ಸಣ್ಣ ಬಿಲ್ಲೆಯಾದರೆ ಏನೂ ಮಾಡದೆ ಮೂರು ತಿಂಗಳು ಕಾಯೋಣ ಅನ್ನುವ ಡಾಕ್ಟರೂ ಸರಿಯಾದ ಮಾತೇ ಹೇಳುತ್ತಿದ್ದಾರೆ. ಔಷಧಿ ಬರೆಯಲಿಲ್ಲ ಎಂದು ಬೇರೆ ಕ್ಲಿನಿಕ್ಕಿಗೆ ಓಡಬೇಕಾಗಿಲ್ಲ.

ಕೆಲವು ವರ್ಷಗಳಿಂದ ಸುದ್ದಿಯಲ್ಲಿರುವ ಹೊಸ ಮಾತ್ರೆಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ರೋಗನಿರೋಧಕ ಕಣಗಳಿಗೆ ಹೋಗುವ ದಾಳಿಯ ಸಂದೇಶವನ್ನು ತಡೆಯುವ ಇವುಗಳಿಗೆ ಜಾಕ್ ಇನ್ಹಿಬಿಟರ್ ಎಂದು ಹೆಸರು. 2014ರಲ್ಲಿ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಮೈಮೇಲೆ ಒಂದೂ ಕೂದಲಿಲ್ಲದ 25ರ ಯುವಕನಿಗೆ ಸೋರಿಯಾಸಿಸ್‌ಗೂ ಸೇರಿ ಈ ಗುಂಪಿನ ಟೋಫಾಸಿಟಿನಿಬ್ ಕೊಟ್ಟಾಗ ಎಂಟು ತಿಂಗಳಲ್ಲಿ ತಲೆತುಂಬ ಕೂದಲು ಬಂದದ್ದು ದೊಡ್ಡ ಸುದ್ದಿಯಾಗಿತ್ತು. 2022ರ ಜೂನ್‌ನಲ್ಲಿ ಅಮೆರಿಕ ಬ್ಯಾರಿಸಿಟಿನಿಬ್ ಅನ್ನು, 2023ರಲ್ಲಿ ರಿಟ್ಲೆಸಿಟಿನಿಬ್ ಅನ್ನು ತೀವ್ರವಾದ ಅಲೋಪೇಶಿಯಾ ಏರಿಯಾಟಾಕ್ಕೆ ಒಪ್ಪಿಕೊಂಡಿತು. ತೀವ್ರ ಎಂಬ ಪದವನ್ನು ಗಮನಿಸಿ. ಅರ್ಧ ತಲೆಗಿಂತ ಹೆಚ್ಚು ಬೋಳಾದವರ ಔಷಧಿ ಅದು. ಸೋಂಕು, ರಕ್ತ ಹೆಪ್ಪುಗಟ್ಟುವಿಕೆಯಂಥ ಅಪಾಯದ ಎಚ್ಚರಿಕೆ ಡಬ್ಬಿಯ ಜೊತೆಗೇ ಬರುತ್ತದೆ. ನಮ್ಮಲ್ಲಂತೂ ಶುರು ಮಾಡುವ ಮೊದಲು ಮೈಯಲ್ಲಿ ಕ್ಷಯ ಅಡಗಿದೆಯಾ ಎಂದು ನೋಡಲೇಬೇಕು. ಮಚ್ಚೆಯ ಸುತ್ತಲಿನ ನಾಣ್ಯದಗಲದ ಜಾಗಕ್ಕೆ ಈ ಮಾತ್ರೆ ನುಂಗುವುದು ಸೊಳ್ಳೆಗೆ ಬಂದೂಕು ಹಿಡಿದ ಹಾಗೆ.

ಕಾಯುವವರಿಗೆ ಒಂದು ವಿಷಯ ಗೊತ್ತಿರಲಿ. ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೊ ತೆಗೆದುಕೊಂಡರೆ ಬಿಲ್ಲೆ ಹಿಗ್ಗುತ್ತಿದೆಯಾ ಕುಗ್ಗುತ್ತಿದೆಯಾ, ಮಚ್ಚೆ ಬದಲಾಗುತ್ತಿದೆಯಾ ಎರಡೂ ತಿಳಿಯುತ್ತವೆ. ವಾಸಿಯಾಗುವಾಗ ಮೊದಲು ಬರುವ ಕೂದಲು ಎಷ್ಟೋ ಸಲ ಬಿಳಿ. ಹದಿನೆಂಟರ ಹುಡುಗನ ತಲೆಯಲ್ಲೂ ಬಿಳಿ ಎಳೆಗಳ ಒಂದು ಕುಚ್ಚು ಏಳುತ್ತದೆ. ಮನೆಯವರು ಮತ್ತೆ ಗಾಬರಿಯಾಗುತ್ತಾರೆ. ಕೂದಲ ಬುಡ ಎದ್ದಿದೆ, ಬಣ್ಣದ ಕೋಶಗಳು ಇನ್ನೂ ಕೆಲಸಕ್ಕೆ ಬಂದಿಲ್ಲ, ವಿಷಯ ಇಷ್ಟೆ. ಕೆಲವು ತಿಂಗಳಲ್ಲಿ ಸಾಮಾನ್ಯವಾಗಿ ಅವೂ ಬರುತ್ತವೆ.